ಮೂಲೆಮಟ್ಟದ ಸಿಟ್ಟು

ನಾನು ಒಂದು ಮೂಲೆಮಟ್ಟ. ಕಂಪಾಸು ಪೆಟ್ಟಿಗೆಯ ಪ್ಲಾಸ್ಟಿಕ್ ತುಣುಕಲ್ಲ, ಕರಿಹಲಗೆಗೆಂದೇ ಹುಟ್ಟಿದ ಮೊಳದುದ್ದದ ತೇಗದ ಮೂಲೆಮಟ್ಟ. ರಾಣೆಬೆನ್ನೂರಿನ ಬಡಿಗೇರ ಮೌನೇಶಪ್ಪ ನನ್ನ ಅಂಚಿಗೆ ಮೂರು ಸಲ ಉಜ್ಜುಗೊರಡು ಹಾಕಿ, "ಇದು ಸುಳ್ಳು ಹೇಳಂಗಿಲ್ರಿ" ಎಂದು ಗಣಿತದ ಗುರುಪಾದಪ್ಪ ಮಾಸ್ತರರ ಕೈಗಿಟ್ಟ.

ಮಾಸ್ತರರು ನನ್ನನ್ನು ಅಳತೆಪಟ್ಟಿಗೆ ಆನಿಸಿ, ಜಾರಿಸಿ, ಇಪ್ಪತ್ತು ವರ್ಷ ಸಮಾಂತರ ರೇಖೆ ಎಳೆದರು. ಒಂದು ಮಗುವಿನ ಮೈಗೂ ನನ್ನನ್ನು ತಾಕಿಸಲಿಲ್ಲ. ಅವರು ನಿವೃತ್ತರಾದ ಮೇಲೆ ಚಳಗೇರಿ ಸರ್ ಬಂದರು. ಬಂದ ದಿನವೇ ನನ್ನನ್ನೆತ್ತಿ ಮೇಜಿಗೆ ರಪ್ಪನೆ ಬಡಿದರು. ನನಗೆ ಆಗಲೇ ಪಿತ್ತ ನೆತ್ತಿಗೇರಿತ್ತು.

ತಾಲೂಕಿನ ಗಣಿತ ಸ್ಪರ್ಧೆಗೆ ಶಾಲೆಯಿಂದ ಒಬ್ಬರೇ ಹೋಗಬೇಕು. ಸರ್ ಬಂದ ಮೂರನೆಯ ವರ್ಷ ಹತ್ತನೆಯ ತರಗತಿಯ ನೀಲವ್ವ ಆಯ್ಕೆಯಾಗಿದ್ದಳು. ಎಂಟು ದಿನದಿಂದ ಆ ಹುಡುಗಿಗೆ ಊಟ ರುಚಿಸುತ್ತಿರಲಿಲ್ಲ, ಅಷ್ಟು ಆಸೆ. ಸ್ಪರ್ಧೆಗೆ ಎರಡು ದಿನ ಉಳಿದಿತ್ತು. ಸರ್ ಲೆಕ್ಕ ಬರೆದರು: y = 2x + 3 ರೇಖೆಗೆ ಸಮಾಂತರವಾಗಿ (1, 4) ಬಿಂದುವಿನ ಮೂಲಕ ಹೋಗುವ ರೇಖೆಯ ಸಮೀಕರಣವೇನು? ಗೈಡ್ ನೋಡಿ ಉತ್ತರವನ್ನೂ ಬರೆದರು: y = 2x + 4.

ನೀಲವ್ವ ಎದ್ದು ನಿಂತಳು. "ಸರ, ಇಳಿಜಾರು ಎರಡು ಬರೋಬರಿ ಐತ್ರಿ. ಆದ್ರ x ಒಂದು ಹಾಕಿದ್ರ y ಆರು ಬರ್ತೈತಿ, ನಾಕಲ್ರಿ. ಕಡೀಗೆ ನಾಕಲ್ಲ, ಎರಡು ಕೂಡಿಸ್ಬೇಕ್ರಿ."

"ಗೈಡ್‌ನ್ಯಾಗ ಐತಿ! ನೀ ಗೈಡಿಗಿಂತ ಶ್ಯಾಣ್ಯಾಕಿ ಏನ?"

"ಎಳದು ತೋರಸ್ತೀನ್ರಿ ಸರ."

ಹೇಳಿದವಳೇ ಹಲಗೆಯ ಬಳಿ ಬಂದು ನನ್ನನ್ನು ಕೈಗೆತ್ತಿಕೊಂಡಳು. ಅಕ್ಷಗಳನ್ನೂ ಮೊದಲ ರೇಖೆಯನ್ನೂ ಎಳೆದು, ಆ ರೇಖೆಗೆ ನನ್ನ ಅಂಚು ಹೊಂದಿಸಿ, ಪಟ್ಟಿಯ ಮೇಲೆ ಮೆಲ್ಲಗೆ ಜಾರಿಸಿ, (1, 4)ರ ಮೇಲೆ ನಿಲ್ಲಿಸಿ ಗೆರೆ ಎಳೆದಳು. ಗೆರೆ ನೇರ ಹೋಗಿ y-ಅಕ್ಷವನ್ನು ಎರಡರಲ್ಲಿ ಕಡಿಯಿತು. ಆಹಾ, ಎಷ್ಟು ವರ್ಷದ ಮೇಲೆ ನನಗೆ ನನ್ನ ಕೆಲಸ ಸಿಕ್ಕಿತ್ತು! ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕನೆ ನಕ್ಕರು.

ಅಷ್ಟೇ ಸಾಕಾಯಿತು. ಕೈಲಾಗದವನು ಮೈಯೆಲ್ಲ ಪರಚಿಕೊಂಡ ಅಂತಾರಲ್ಲ, ಈ ಪುಣ್ಯಾತ್ಮ ತನ್ನ ಮೈ ಬಿಟ್ಟು ಹುಡುಗಿಯ ಮೈಗೆ ಬಂದ. ನನ್ನನ್ನು ಕಸಿದುಕೊಂಡು ಅವಳ ಬಲಗೈ ಬೆರಳ ಗಂಟಿನ ಮೇಲೆ ಬಾರಿಸಿದ. ಒಂದಲ್ಲ, ನಾಲ್ಕು ಏಟು. "ಎಷ್ಟು ಕೂಡಿಸ್ಬೇಕು? ಹೇಳು!" ಅಂತ ಪ್ರತಿ ಏಟಿಗೂ ಕೇಳಿದ. ಅವಳು ಅಳುತ್ತಲೇ ಪ್ರತಿ ಸಲವೂ "ಎರಡ್ರಿ" ಅಂದಳು.

ಮರುದಿನ ಸರ್ ಹಲಗೆಯ ಮೇಲೆ y = 2x + 2 ಎಂದು ಬರೆದರು. "ಗೈಡ್‌ನ್ಯಾಗ ಪ್ರಿಂಟ್ ತಪ್ಪಾಗಿತ್ತು, ನಾನು ಸರಿ ಮಾಡೀನಿ" ಎಂದರು. ಥೂ! ನೀಲವ್ವನ ಕಡೆ ತಿರುಗಿಯೂ ನೋಡಲಿಲ್ಲ. ಅವಳ ಬೆರಳು ಊದಿ ಪೆನ್ನು ಹಿಡಿಯಲಾಗದೆ, ಸ್ಪರ್ಧೆಗೆ ಬೇರೊಬ್ಬ ಹೋದ.

ಈಗ ನಾನು ಬೀರುವಿನ ಮೇಲೆ ಬಿದ್ದಿದ್ದೇನೆ, ಮೈಮೇಲೆ ಧೂಳು. ಆ ಮನುಷ್ಯನ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ಆದರೆ ನನ್ನ ಮೇಲೆ ನನಗಿರುವ ಸಿಟ್ಟು ಅದಕ್ಕಿಂತ ದೊಡ್ಡದು. ಎತ್ತಿದ ಕೈ ಅವನದು, ನಿಜ. ಅವಳ ಬೆರಳಿಗೆ ತಾಗಿದ್ದು ಮಾತ್ರ ನಾನು.