ಇಬ್ಬರಿಗೊಂದು ದುರ್ಬೀನು

ಎಲೆ ಅಲ್ಲಾಡಿತು, ಗಾಳಿಯೇ ಇಲ್ಲವಲ್ಲ, ಹಾಗಾದರೆ ಕೋತಿ, ಇಲ್ಲ, ಮೇಲಿನ ಎಲೆಯ ನೀರು ಕೆಳಗಿನದಕ್ಕೆ ತೊಟ್ಟಿಕ್ಕಿತು ಅಷ್ಟೆ, ಮಳೆ ನಿಂತು ಎಷ್ಟೋ ಹೊತ್ತಾದರೂ ಈ ಕಾಡಿನಲ್ಲಿ ಮರಗಳೇ ಮಳೆ ಸುರಿಸುತ್ತವೆ, ಕುತ್ತಿಗೆಯೊಳಗೆ ಏನೋ ಇಳಿಯಿತು, ಜಿಗಣೆಯೋ ಬೆವರೋ — ಇರಲಿ, ದುರ್ಬೀನು ಇನ್ನೂ ನನ್ನ ಕೈಯಲ್ಲೇ ಇದೆ, ಅದೇ ನನಗೆ ಸರಿ ಕಾಣುತ್ತಿಲ್ಲ. ಎಂಟು ತಿಂಗಳ ತಿರುಗಾಟದಲ್ಲಿ ನಮ್ಮಿಬ್ಬರಿಗೂ ಇರುವುದು ಇದೊಂದೇ, ಹಳೇ ಸಾಮಾನಿನ ಅಂಗಡಿಯದು, ಎಡಗಡೆಯ ಗಾಜು ಮಂಜು, ನೂರು ಎಣಿಸಿ ಕೈ ಬದಲಿಸಬೇಕು ಅಂತ ಒಪ್ಪಂದ, ನನ್ನ ಗಂಡ ಅರವತ್ತರಿಂದ ನೆಟ್ಟಗೆ ತೊಂಬತ್ತಕ್ಕೆ ಹಾರುವ ಕಳ್ಳ, ಕೊಡೇ, ನನ್ ಸರದಿ, ಕೊಡೇ ಅಂತ ಪಟ್ಟಿ ಹಿಡಿದು ಎಳೆಯುವವನು, ಅಂಥವನು ಬೆಳಿಗ್ಗೆಯಿಂದ ಎಣಿಸುತ್ತಲೇ ಇಲ್ಲ. ನೀನೇ ನೋಡೇ, ನಿಧಾನಕ್ಕೆ ನೋಡು. ಏನು ಉದಾರಿ! ಮೊನ್ನೆ ಬಟ್ಟೆ ಒಣಹಾಕುವ ನಮ್ಮ ಹಗ್ಗವನ್ನು ಅಡುಗೆಯವಳಿಗೆ ಕೊಟ್ಟುಬಿಟ್ಟ — ತಂಗುಮನೆಯಲ್ಲಿ ನಾವು ಪಾತ್ರೆ ತೊಳೆದು ಮಂಚ ಗಿಟ್ಟಿಸಿಕೊಂಡಿದ್ದೇವೆ, ಅವಳು ನಮ್ಮ ಯಜಮಾನಿ ಇದ್ದ ಹಾಗೆ — ನಿನ್ನೆ ಚಾಕು ತಗೊಂಡು ಸೋಪನ್ನು ಎರಡು ತುಂಡು ಮಾಡಿದ, ಒಂದು ನನ್ನ ಡಬ್ಬಿಗೆ, ಒಂದು ಅವನ ಡಬ್ಬಿಗೆ. ಯಾಕೋ? ಬೇಗ ಕರಗಬಾರದು ಅಂತ ಕಣೇ. ಸೋಪು ಕರಗುತ್ತದಂತೆ, ಎಂಟು ತಿಂಗಳು ಕರಗದ ಸೋಪು.

ಮುಂದೆ ಗುಟ್ಟಣ್ಣ ಕೈ ಎತ್ತಿ ನಿಂತ, ಪರವಾನಗಿ ಇಲ್ಲದ ಅಗ್ಗದ ಗೈಡು, ದಾರಿಯಲ್ಲಿ ಸಿಕ್ಕ ಲದ್ದಿಯನ್ನೂ ಕಿವಿಯಲ್ಲಿ ಪಿಸುಗುಟ್ಟಿಯೇ ತೋರಿಸುತ್ತಾನೆ ಅಂತ ನಾವಿಟ್ಟ ಹೆಸರು, ಇವನ ಮೇಲೂ ನನಗೆ ನಂಬಿಕೆಯಿಲ್ಲ, ಚಹಾ ಕುಡಿಯುವಾಗ ಇವನೂ ನನ್ನ ಗಂಡನೂ ನೀರಿನ ಪೀಪಾಯಿಯ ಹಿಂದೆ ನಿಂತು ಏನೋ ಮಾತಾಡುತ್ತಿದ್ದರು, ನನ್ನನ್ನು ಕಂಡ ತಕ್ಷಣ ಹವಾಮಾನದ ವಿಷಯ. ಶ್ ಅಕ್ಕ, ಹೆಣ್ಣು ಕರೀತಿದೆ, ಗಂಡು ಬರುತ್ತೆ ನೋಡಿ. ಕರೆಯುತ್ತಿದೆ ನಿಜ, ಗೊಗ್ಗರು ದನಿ, ಮೂರು ಸಲ, ಅಷ್ಟೇ ಬಿಡುವು, ಮತ್ತೆ ಮೂರು ಸಲ, ಹಕ್ಕಿ ಎಲ್ಲಾದರೂ ಗಡಿಯಾರದ ಹಾಗೆ ಕರೆಯುತ್ತದೆಯೇ — ಗುಟ್ಟಣ್ಣನ ಅಂಗಿಯ ಜೇಬಿನಲ್ಲಿ ಬೆಳಕು, ಮೊಬೈಲು! ಮೋಸ, ನಾನಂದುಕೊಂಡದ್ದೇ ಸರಿ, ಬಾಯಿ ತೆರೆಯಬೇಕು, ಅಷ್ಟರಲ್ಲಿ ರೆಕ್ಕೆಯ ಸದ್ದು, ಬುಸ್ ಬುಸ್ ಅಂತ, ಬಂತು. ಮಂಗಟ್ಟೆ. ಕೊಕ್ಕಿನ ಮೇಲೊಂದು ಕೊಕ್ಕು ಇಟ್ಟುಕೊಂಡ ಇದನ್ನು ನೋಡುವುದಕ್ಕೆಂದೇ ಮೂರು ಕಾಡು ಅಲೆದಿದ್ದೆ, ಈಗ ಇಷ್ಟು ಹತ್ತಿರ, ಕೊಕ್ಕಿನ ತುದಿಯಲ್ಲಿ ಒಂದು ಕೆಂಪು ಹಣ್ಣು, ಹೆಣ್ಣಿಗೆ ತಂದದ್ದು, ಬಲಕ್ಕೆ ನೋಡುತ್ತದೆ, ಎಡಕ್ಕೆ ಸರಿಯುತ್ತದೆ, ಜೇಬು ಕರೆದ ಕಡೆಗೆ ಹಣ್ಣು ಚಾಚುತ್ತದೆ.

ಮೊಬೈಲಲ್ಲಿ ಕೂಗಿಸ್ತಿದಾನೆ ಕಣೋ, ಮೋಸ ಮಾಡ್ತಿದಾನೆ, ಅಂದೆ, ತಿರುಗದೆ. ಗಂಡ ನನ್ನ ಹಿಂದೆಯೇ ಇದ್ದ, ಉಸಿರು ಕೇಳುತ್ತಿತ್ತು. ಗೊತ್ತು ಕಣೇ. ನಾನೇ ಹೇಳಿದ್ದು. ನಿಂಗೆ ಮಂಗಟ್ಟೆ ತೋರಿಸ್ದೆ ಹೋಗ್ಬಾರ್ದು ಅನ್ನಿಸ್ತು. ಹೋಗಬಾರದು — ಎಲ್ಲಿಗೆ, ಯಾರು, ಕೇಳಬೇಡ, ಕೇಳಿದರೆ ಹೇಳಿಬಿಡುತ್ತಾನೆ, ಹೇಳಿಯೇಬಿಟ್ಟ, ನಾಡಿದ್ದು ಬಸ್ಸು, ಒಬ್ಬನೇ, ನಂಗೆ ಸಾಕಾಯ್ತು ಕಣೇ, ನಿನ್ ಮೇಲೆ ಕೋಪ ಏನೂ ಇಲ್ಲ. ಕೋಪವಾದರೂ ಇದ್ದಿದ್ದರೆ ಜಗಳ ಆಡಿ ಉಳಿಸಿಕೊಳ್ಳುತ್ತಿದ್ದೆನಲ್ಲ, ಇದಕ್ಕೆ ಏನು ಮಾಡಲಿ, ಹೆದರಿಕೆಯಾಗುತ್ತಿದೆ, ತಿರುಗಲಾರೆ, ತಿರುಗಿದರೆ ಅವನ ಮುಖ, ಗುಟ್ಟಣ್ಣ ಜೇಬಿಗೆ ಕೈ ಹಾಕಿ ದನಿ ನಿಲ್ಲಿಸಿದ, ಇನ್ನು ಹಕ್ಕಿ ಹಾರಿಹೋಗುತ್ತದೆ, ಹೋಗಲಿಲ್ಲ, ಇಲ್ಲೇ ಇದೆ, ನುಂಗುತ್ತಿಲ್ಲ, ಬೀಳಿಸುತ್ತಲೂ ಇಲ್ಲ, ಕುತ್ತಿಗೆ ಚಾಚಿಕೊಂಡೇ ಇದೆ, ಕೊಕ್ಕಿನ ತುದಿಯಲ್ಲಿ ಆ ಹಣ್ಣು, ಕೆಂಪಗೆ, ಆ ಹಣ್ಣು