ಕಣ್ಣು ಮುಚ್ಚಿ ಬೈದದ್ದು

ಮಸ್ಕಿಯಲ್ಲಿ ಶಾಲೆ ಮಕ್ಕಳ ಸಮವಸ್ತ್ರ ಹೊಲಿಸುವ ಸುಗುಣಮ್ಮ ಕೆಲಸದ ಹೆಂಗಸರ ಮೇಲೆ ಎಂದೂ ದನಿ ಏರಿಸಿದವಳಲ್ಲ. ಯೇಸುವನ್ನು ನಂಬಿದವರ ಅಂಗಡಿಯಲ್ಲಿ ಬೈಗುಳ ಕೇಳಿಸಬಾರದು ಎಂಬುದು ಅವಳ ಹಟ, ಒಳಗೊಳಗೇ ಹೆಮ್ಮೆ ಕೂಡ. ದಿನಾ ಬೆಳಿಗ್ಗೆ ಮಷಿನ್ನು ಶುರುವಾಗುವ ಮೊದಲು ಎಲ್ಲರನ್ನೂ ನಿಲ್ಲಿಸಿ ಪ್ರಾರ್ಥನೆ ಮಾಡುತ್ತಿದ್ದಳು. ಯಾರ ಕೆಲಸ ಕೆಟ್ಟಿದೆಯೋ ಅವರ ಹೆಸರು ಅದರಲ್ಲಿ ತಪ್ಪದೆ ಬರುತ್ತಿತ್ತು.

ಅಂದು ಬಳಗಾನೂರಿನ ಆದೆಮ್ಮ ಇನ್ನೂ ಬಂದಿರಲಿಲ್ಲ.

“ಕರ್ತನೇ, ನಮ್ಮ ಆದೆಮ್ಮನ ಸೋಮಾರಿತನವನ್ನು ತೆಗೆದುಹಾಕು. ಹೊತ್ತಿಗೆ ಸರಿಯಾಗಿ ಬರುವ ಬುದ್ಧಿ ಕೊಡು,” ಎಂದು ಸುಗುಣಮ್ಮ ಬೇಡಿದಳು. ಹಿಂದೆ ಯಾರೋ ಕಿಸಕ್ಕೆಂದರು. ಆಮೆನ್ ಅಂದು ಕಣ್ಣು ತೆರೆದರೆ ಬಾಗಿಲಲ್ಲಿ ಆದೆಮ್ಮ ನಿಂತಿದ್ದಳು.

“ಬಸ್ಸು ದಾರ್ಯಾಗ ಕೆಟ್ಟು ನಿಂತಿತ್ರೀ ಅಕ್ಕಾರ. ಬೈಯೂದಿದ್ರ ನನಗ ಬೈರಿ, ನಾನೂ ತಿರುಗಿ ಏನರ ಅಂತೀನಿ. ನಿಮ್ಮ ದೇವರ ಮುಂದ ಯಾಕ ಚಾಡಿ ಹೇಳ್ತೀರಿ? ಪಾಪ, ಆತಗ ನನ್ನ ಗುರುತರ ಎಲ್ಲೈತಿ?”

ಹೆಂಗಸರು ಘೊಳ್ಳೆಂದು ನಕ್ಕರು. ಆದೆಮ್ಮ ನಗಲಿಲ್ಲ, ಸೀದಾ ಹೋಗಿ ತನ್ನ ಮಷಿನ್ನಿನ ಮುಂದೆ ಕೂತಳು.

ಸುಗುಣಮ್ಮನ ಮುಖ ಕಾದ ಇಸ್ತ್ರಿಯಂತಾಯಿತು. ಇಷ್ಟು ದಿನವೂ ತಾನು ಬೈಯುತ್ತಲೇ ಬಂದಿದ್ದೇನೆ, ಅದೂ ಯಾರೂ ಎದುರು ಮಾತಾಡದ ಹಾಗೆ ಅವರ ತಲೆ ಬಗ್ಗಿಸಿ ನಿಲ್ಲಿಸಿ ಎಂಬುದು ಅವಳಿಗೆ ಹೊಳೆಯಿತು. ರೂಢಿಯಂತೆ ಕಣ್ಣು ಮುಚ್ಚಿ ‘ಕರ್ತನೇ, ಕ್ಷಮಿಸು’ ಎನ್ನಹೊರಟವಳು ಅರ್ಧಕ್ಕೇ ತಡೆದಳು. ದೇವರಿಗೆ ಹೇಳುವುದು ಸುಲಭವಿತ್ತು. ಕಣ್ಣು ತೆರೆದು ಆದೆಮ್ಮನನ್ನೇ ನೋಡಿದಳು.

“ತಪ್ಪಾತವ್ವಾ. ಯಾಕ ತಡ ಆತಂತ ಕೇಳಲಾರದ ಅಂದುಬಿಟ್ಟೆ.”

“ಆತು ಬಿಡ್ರಿ,” ಎಂದಳು ಆದೆಮ್ಮ, ಅವಳ ಮುಖ ನೋಡದೆ, ಮಷಿನ್ನಿಗೆ ದಾರ ಏರಿಸುತ್ತಾ. ಒಂದಲ್ಲ ಒಂದು ಬೆಳಿಗ್ಗೆ ಆ ಪ್ರಾರ್ಥನೆಯಲ್ಲಿ ಹೆಸರು ಬಂದಿದ್ದ ಉಳಿದವರೆಲ್ಲ ಸುಗುಣಮ್ಮನನ್ನೇ ನೋಡುತ್ತಿದ್ದರು.