ಸಾಜಿಕ್ ಮೈದಾನದಲ್ಲಿ ನನ್ನ ಕೈಗೆ ಬಂದ ಚೆಂಡು

ಬಿಸಿ, ಚೆಂಡು ಇಷ್ಟು ಬಿಸಿಯಾಗಿರುತ್ತದೆಂದು ಯಾರೂ ಹೇಳಿರಲಿಲ್ಲ, ಅಥವಾ ಬಿಸಿಯಾಗಿರುವುದು ನನ್ನ ಅಂಗೈಯೋ, ಬೇಸ್‌ಬಾಲ್ ಬ್ಯಾಟಿನ ಅಂಚಿಗೆ ತಾಗಿ ಗೆರೆಯಾಚೆ ಸಿಡಿದದ್ದು ಗೆಳತಿ ಮಾಲ್‌ಸುನ್‌ಳ ಹುರಿದ ಕೋಳಿಯ ಡಬ್ಬಿಗೆ ಬಡಿದು, ಅಲ್ಲಿಂದ ನನ್ನ ಎರಡು ಕೈಗಳ ನಡುವೆ — ಹೆಬ್ಬೆರಳಿನ ಕೆಳಗೆ ಕೆಂಪು ಹೊಲಿಗೆ, ದಪ್ಪ ದಾರ, ಬಿಗಿದು ಕೂತದ್ದು. ಲೇ ಪಿಲ್‌ನಾಮ್, ಸಿಕ್ತಲ್ಲೇ ಕೊನೆಗೂ, ನನ್ನ ಕೋಳಿ ಹೋದ್ರೆ ಹೋಯ್ತು ಬಿಡು. ಪಿಲ್‌ನಾಮ್, ಮುಂದಿನದು ಗಂಡೇ ಆಗಲಿ ಎಂದು ಅಪ್ಪ ಹುಡುಗಿಗಿಟ್ಟ ಹೆಸರು, ಆಯಿತು, ಗಂಡೇ ಆಯಿತು, ತಮ್ಮನ ಚೆಂಡು ಮೋರಿಗೆ ಬಿದ್ದರೆ ಎತ್ತಿ ತೊಳೆದು ಕೊಡುವವಳು ನಾನು, ಒಂದು ಸಲ ನಾನೂ ಎಸೀತೀನಿ ಅಂದದ್ದಕ್ಕೆ ಅಪ್ಪ, ನಿಂಗ್ಯಾಕೆ ಅದು, ತಮ್ಮಂಗೆ ಕೊಡು. ಈಗ ಶುರುವಾಯಿತು, ಬಲಗಡೆಯಿಂದ ಮೊದಲು, ಆಮೇಲೆ ಸುತ್ತಲೂ, ಮಗೂಗ್ ಕೊಡು, ಮಗೂಗ್ ಕೊಡು — ನಮ್ಮ ಬೂಸಾನಿನಲ್ಲಿ ಹೀಗೇ, ಆಟದ ನಿಯಮದಲ್ಲಿ ಚೆಂಡು ಹಿಡಿದವರದೇ, ಆದರೂ ಹತ್ತಿರದ ಮಗುವಿಗೆ ಕೊಡುವ ತನಕ ಇಡೀ ಮೈದಾನ ಬಿಡುವುದಿಲ್ಲ, ನಾನೇ ಎಷ್ಟು ಜನರ ಮೇಲೆ ಹೀಗೆ ಅರಚಿಲ್ಲ, ಹಾಗಾದರೆ ತಪ್ಪು ನನ್ನದೇ ಇರಬಹುದು, ಇರಲಿ, ಯೋಚಿಸಲು ಒಂದು ಗಳಿಗೆ ಕೊಡಿ. ತಂಡ ಹುಟ್ಟಿದ ವರ್ಷ ನಾನು ಬೂಟಿನ ಕಾರ್ಖಾನೆಯಲ್ಲಿದ್ದೆ, ಹೊಲಿದದ್ದೆಲ್ಲ ಯಾರ್ಯಾರದೋ ಕಾಲಿಗೆ ಹೋಯಿತು, ಕಾರ್ಖಾನೆಯವರ ಸಂಜೆ ಶಾಲೆಯಲ್ಲಿ ಮೇಷ್ಟ್ರು, ಪಿಲ್‌ನಾಮ್ ಎಲ್ಲಿ, ಮಾಲ್‌ಸುನ್ ಎದ್ದು ನಿಂತು, ಹೊಟ್ಟೆನೋವು ಸಾರ್, ಹೌದಾ, ನಮ್ಮ ತಂಡ ಆಡೋ ದಿನಾನೇ ಬರುತ್ತಲ್ಲ ಆ ನೋವು. ಇಲ್ಲಿ ಎಲ್ಲರೂ ಮಾಡುವಂತೆ ಎಳೆ ಎಳೆಯಾಗಿ ಸೀಳಿದ ದಿನಪತ್ರಿಕೆ ಬೀಸುತ್ತಾ, ತಲೆಗೆ ಕಿತ್ತಳೆ ಬಣ್ಣದ ಕಸದ ಚೀಲ ಕಟ್ಟಿಕೊಂಡು, ಸೋತ ದಿನವೂ ಹಾಡಿ ಗಂಟಲು ಹರಿದುಕೊಂಡು ಮನೆಗೆ ಬಂದರೆ ಗಂಡ, ಆ ಸೋಲುಬುರುಕರ ಹಿಂದೆ ಹೋದ್ಯಲ್ಲ, ನನ್ನ ಊಟ ಎಲ್ಲಿ, ಪಾತ್ರೇಲಿದೆ, ಬಿಸಿ ಮಾಡ್ಕೋ. ತಂಡ ಕೊನೆಯ ಸಲ ಕಪ್ ಗೆದ್ದಾಗ ನನ್ನ ಕೂದಲು ಕಪ್ಪಗಿತ್ತು, ಆ ಮನುಷ್ಯ ಬದುಕಿದ್ದ. ಹಿಂದೊಮ್ಮೆ ಕಾಲ ಬಳಿ ಉರುಳಿ ಬಂದ ಚೆಂಡನ್ನು ಯಾರೂ ಕೇಳುವ ಮೊದಲೇ ಕೊಟ್ಟುಬಿಟ್ಟೆ, ಆ ಹುಡುಗ ಅದನ್ನು ಕುರ್ಚಿಯ ಕೆಳಗೇ ಬಿಟ್ಟು ಹೋದ, ಕಸ ಗುಡಿಸುವವನು ಅದನ್ನೆತ್ತಿ ಜೇಬಿಗೆ ಹಾಕಿಕೊಳ್ಳುವುದನ್ನು ನಾನು ನೋಡುತ್ತಾ ನಿಂತೆ, ಅದು ನಂದು. ಕೆಂಪು ಹೊಲಿಗೆ, ಎಷ್ಟು ಸಮ, ಯಾರ ಕೈಯದೋ, ಅವಳ ಬೆರಳೂ ಸೂಜಿಗೆ ಸಿಕ್ಕಿರಬೇಕು. ಲೇ, ದೊಡ್ಡ ಪರದೆ ಮೇಲೆ ನಿನ್ ಮುಖಾನೇ ಕಣೇ, ಕೊಟ್ಬಿಡು, ನಾಳೆ ಮೀನು ಮಾರ್ಕೆಟ್ಟಲ್ಲಿ ತಲೆ ಎತ್ಕೊಂಡು ಓಡಾಡ್ಬೇಕು. ನೋಡಿದೆ, ಅಷ್ಟು ದೊಡ್ಡ ಮುಖ, ಸುಕ್ಕು, ಎದೆಗೊತ್ತಿದ ಕೈಗಳು, ಕಳ್ಳಿಯಂತೆ ಕಾಣುತ್ತೇನೆ, ಕಾಣಲಿ. ಮೆಟ್ಟಿಲಿಳಿದು ಬಂದ ಒಬ್ಬ ಅಪ್ಪ, ತೋಳಲ್ಲಿ ಮಗ, ಅಜ್ಜೀ, ಒಳ್ಳೇ ಅಜ್ಜಿ ಅಲ್ವಾ ನೀವು, ನೋಡಿ ಹೇಗೆ ಕೈ ಚಾಚ್ತಿದಾನೆ — ಚಾಚಿದ್ದಾನೆ, ಮೆತ್ತಗಿನ ಪುಟ್ಟ ಅಂಗೈ, ನನ್ನ ಬೆರಳುಗಳು ತಾವಾಗಿಯೇ ಬಿಚ್ಚಿಕೊಳ್ಳತೊಡಗಿವೆ, ಹಳೇ ಅಭ್ಯಾಸ, ಎಪ್ಪತ್ತರ ಹತ್ತಿರ ಬಂದರೂ ತಮ್ಮಂಗೆ ಕೊಡು ಅಂದ ಕೂಡಲೇ ಬಿಚ್ಚಿಕೊಳ್ಳುತ್ತವೆ, ಇಲ್ಲ, ಮುಚ್ಚಿ, ಮುಚ್ಚಿಕೊಳ್ಳಿ. ಕೊಡಲ್ಲ. ಏನಂದ್ರಿ. ಕೊಡಲ್ಲ ಅಂದೆ ಕಣಪ್ಪ, ಈ ಮೈದಾನ ಕಟ್ಟಿದಾಗಿಂದ ಬರ್ತಿದೀನಿ ಇಲ್ಲಿಗೆ, ಇವನೂ ಬರ್ತಾ ಇರಲಿ, ಕಾಯಲಿ, ಈ ತಂಡಾನ ಹಚ್ಕೊಂಡವರು ಕಾಯೋದು ಕಲೀಲೇಬೇಕು. ಮಾಲ್‌ಸುನ್ ನಕ್ಕಳೋ ಕೆಮ್ಮಿದಳೋ, ಹುಡುಗ ಅಳುತ್ತಿದ್ದಾನೆ, ಅಯ್ಯೋ ಪಾಪ, ಅಳಲಿ, ಸಿಳ್ಳೆ, ಛೀಮಾರಿ, ಮಗೂಗ್ ಕೊಡು, ಇಡೀ ಸಾಜಿಕ್ ನನ್ನೊಬ್ಬಳ ಮೇಲೆ, ನನ್ನದೇ ಜನ, ನನ್ನದೇ ಗಂಟಲು, ಅರಚಿ, ಇನ್ನೂ ಜೋರಾಗಿ, ನಾನು ಕೂತೇ ಇದ್ದೇನೆ, ಹೆಬ್ಬೆರಳು ಕದಲುತ್ತಿಲ್ಲ, ಅದರ ಕೆಳಗೆ ಹೊಲಿಗೆ, ಕೆಂಪು, ಬಿಗಿ, ಕೆಂಪು ಹೊಲಿಗೆ